ಮಗಳ ಹೆಸರು ಕೇಳುವ ಪಾಠ

ಗುನ್ಸಾನ್, ಕೊರಿಯಾ, ಅಕ್ಟೋಬರ್ ೧೪

ನನ್ನ ಕಂದಾ, ಯೊನ್‌ಹಿ,

ಹೇಗಿದ್ದೀಯಮ್ಮಾ? ಡೆನ್ಮಾರ್ಕಿನಲ್ಲಿ ಆಗಲೇ ಥಂಡಿ ಶುರುವಾಗಿದೆಯಂತೆ, ಕಿವಿ ಮುಚ್ಚಿಕೊಂಡು ಓಡಾಡು. ನಲವತ್ತೊಂದು ವರ್ಷ ಎತ್ತಿ ಆಡಿಸದವಳು ಈಗ ಬುದ್ಧಿ ಹೇಳುತ್ತಾಳಲ್ಲ ಎಂದು ನಗಬೇಡ. ನನ್ನ ಮಂಡಿನೋವು ಹಾಗೇ ಇದೆ. ಒಣಮೀನಿನ ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತೇನೆ. ಹೌದು, ನಾನೇ! ಮುಂದಿನ ತಿಂಗಳು ನೀನು ಬಂದಾಗ ದುಭಾಷಿ ಇರುತ್ತಾರಂತೆ, ಇರಲಿ. ಮೊದಲ ಮಾತು ಮಾತ್ರ ನನ್ನ ಬಾಯಿಂದಲೇ ಬರಬೇಕು.

ಕ್ಲಾಸಿನಲ್ಲಿ ಏಳು ಮಂದಿ ಮುದುಕಿಯರು. ಟೀಚರ್ ಹೆಸರು ಸೋ, ಚಿಕ್ಕ ಹುಡುಗಿ, ತಾಳ್ಮೆ ಮಾತ್ರ ದೊಡ್ಡದು. ಏನಾದರೂ ಪ್ರಶ್ನೆ ಕೇಳಿ ಎಂದಾಗ ಎಲ್ಲರೂ ವಯಸ್ಸನ್ನೇ ಕೇಳಿದೆವು. "ಅಯ್ಯೋ ಅಜ್ಜಿ, ವಿದೇಶದವರನ್ನ ವಯಸ್ಸು ಕೇಳಬಾರದು!" ಎಂದಳು. ಪಕ್ಕದ ಅಂಗಡಿಯ ಬೊಕ್‌ನಾಮ್ ಬಿಡುತ್ತಾಳೆಯೇ? "ದೊಡ್ಡವರೋ ಚಿಕ್ಕವರೋ ಗೊತ್ತಾಗ್ದೆ ಬನ್ನಿ ಅನ್ನೋದಾ, ಬಾರೇ ಅನ್ನೋದಾ, ನೀನೇ ಹೇಳು ತಾಯಿ!" ನಿನ್ನ ವಯಸ್ಸನ್ನು ನಾನು ಯಾರನ್ನೂ ಕೇಳಬೇಕಾಗಿಲ್ಲ. ನೀನು ಹುಟ್ಟಿದ ದಿನ ಪ್ರತಿ ವರ್ಷ ನಮ್ಮ ಹುಟ್ಟುಹಬ್ಬದ ಪದ್ಧತಿಯಂತೆ ಕಡಲಪಾಚಿಯ ಸಾರು ಮಾಡಿ, ಎರಡು ಬಟ್ಟಲಿಗೆ ಬಡಿಸಿ, ಎರಡನ್ನೂ ನಾನೇ ಕುಡಿಯುತ್ತೇನೆ.

ಮಾರನೆಯ ವಾರ ಹೆಸರು ಕೇಳುವ ಪಾಠ. "ನಾನೇ ನಿಮ್ಮ ಮಗಳು ಅಂದ್ಕೊಂಡು ಕೇಳಿ ಅಜ್ಜಿ" ಎಂದಳು ಟೀಚರ್. "ಹೆತ್ತವಳು ಮಗಳ ಹೆಸರು ಕೇಳೋದೇನೇ?" ಎಂದು ಎಲ್ಲರೆದುರು ಅತ್ತುಬಿಟ್ಟೆ. ಯೊನ್‌ಹಿ ಎಂದು ನಾನಿಟ್ಟ ಹೆಸರಿನಿಂದ ನಿನ್ನನ್ನು ಕರೆದದ್ದು ಮೂರೇ ದಿನ; ಅಲ್ಲಿ ನಿನಗಿಟ್ಟ ಹೆಸರನ್ನು ನಿನ್ನ ಬಾಯಿಂದಲೇ ಕೇಳಬೇಕು. ನನಗಾಗ ಹತ್ತೊಂಬತ್ತು, ಮದುವೆಯಾಗಿರಲಿಲ್ಲ. ನನ್ನಪ್ಪ ನಿನ್ನನ್ನು ಮಡಿಲಿನಿಂದ ಎತ್ತಿಕೊಂಡು ಹೊರಟಾಗ, ಎಲ್ಲಿಗೆ ಎಂದು ಒಂದು ಮಾತು ಕೇಳುವ ಧೈರ್ಯ ಬರಲಿಲ್ಲ. ಬೊಕ್‌ನಾಮ್ ಮೂಗು ಒರೆಸಿಕೊಳ್ಳುತ್ತ ಗದರಿದಳು: "ಆಗ ಕೇಳ್ಲಿಲ್ಲ, ಈಗ್ಲೂ ಕೇಳಲ್ವೇನೇ?" ಅವತ್ತಿನಿಂದ ಮೀನು ಕಟ್ಟುವಾಗಲೂ ನಿಮ್ಮ ಹೆಸರೇನು ಎಂಬುದನ್ನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಗಿರಾಕಿಗಳು ತಮ್ಮ ಹೆಸರು ಹೇಳಿಬಿಡುತ್ತಾರೆ.

ನಿನ್ನನ್ನು ಸಾಕಿದ ಅಮ್ಮನಿಗೆ ನಾನು ತಲೆಬಾಗಿ ನಮಸ್ಕಾರ ಹೇಳಿದೆನೆಂದು ತಿಳಿಸು. ಸುಖವಾಗಿ ಬಾ, ಕಂದಾ.

ನಿನ್ನ ಹೆತ್ತಮ್ಮ,
ಮಲ್‌ಸುನ್

ತಾ.ಕ.: ಇದನ್ನು ಇಂಗ್ಲಿಷಿಗೆ ತಿರುಗಿಸಲು ಟೀಚರ್ ಕೈಚಾಚಿ ನಿಂತಿದ್ದಾಳೆ, ಒಂದೇ ಮಾತು. ಹೆಸರು ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು ಊಟ ಆಯಿತಾ ಎಂದೇ. ನಿಮ್ಮಲ್ಲಿ ಹಾಗೆ ಕೇಳುವುದಿಲ್ಲವಂತೆ, ಕೇಳದಿದ್ದರೆ ಬಿಡಲಿ. ಹೊಟ್ಟೆ ತುಂಬಿದ್ದರೂ ಇಲ್ಲ ಅನ್ನು ಮಗಳೇ. ಎರಡನೆಯ ಬಟ್ಟಲು ಬಡಿಸಿಟ್ಟಿರುತ್ತೇನೆ.