ಮಗಳು ತೆರೆಯಬಾರದ ವರದಿ

ಸೊಸೆಗೆ ಅತ್ತೆಯ ಆಶೀರ್ವಾದ. ಇಲ್ಲಿ ಮಗಳ ಊರಿನ ಆಸ್ಪತ್ರೆಯಲ್ಲಿ ನಿನ್ನ ಗಂಡನ ಪರೀಕ್ಷೆಗಳೆಲ್ಲ ಮುಗಿದವು. ಡಾಕ್ಟರು ರಜೆಯಿಂದ ಬಂದ ಮೇಲೆ ಫಲಿತಾಂಶ ಹೇಳುತ್ತಾರಂತೆ. ಈ ಆಸ್ಪತ್ರೆಯ ದಾಖಲೆಗಳನ್ನು ಕಾಯುವವಳು ನನ್ನ ಮಗಳೇ. ಆದರೂ ತಮ್ಮನ ವರದಿಯನ್ನು ಅವಳು ತೆರೆಯುವ ಹಾಗಿಲ್ಲ.

“ಯಾರು ಏನು ನೋಡಿದರೂ ಕಂಪ್ಯೂಟರ್ ಗುರುತಿಟ್ಟುಕೊಳ್ಳುತ್ತಮ್ಮಾ. ಈಗ ಎಲ್ಲ ಆಫೀಸಲ್ಲೂ ಇದೇ ಕಾಯಿದೆ. ಕೆಲಸ ಹೋಗುತ್ತೆ,” ಅಂದಳು.

“ನನ್ನ ಬೀರುವಿಗೂ ಇಷ್ಟು ಕಾವಲಿಲ್ಲವಲ್ಲೇ!”

“ಕಾವಲು ಕಲಿಸಿದವಳು ನೀನೇ ತಾನೆ?” ಎಂದು ನಕ್ಕಳು.

ನಿನ್ನೆ ಕೆಲಸದಿಂದ ಬಂದವಳು ನಗಲಿಲ್ಲ. ಚಿಕ್ಕಂದಿನಿಂದ ತಮ್ಮನ ಜೊತೆ ತುತ್ತು ತುತ್ತಿಗೂ ಜಗಳವಾಡಿದವಳು ತನ್ನ ಪಾಲನ್ನೂ ಅವನ ತಟ್ಟೆಗೇ ಹಾಕಿದಳು. ಬೆಳಗಾಗುತ್ತಲೇ ನಾನು ಈ ಕಾರ್ಡು ಬರೆಯಲು ಕುಳಿತೆ.

ಕಾರ್ಡು ಕೈಸೇರಿದ ದಿನವೇ ಹೊರಟು ಬಾ. ಬೀರುವಿನ ಬೀಗದಕೈ ಇಲ್ಲಿ ನನ್ನ ಸೊಂಟದಲ್ಲೇ ಇದೆ. ಅಲ್ಲಿ ಮನೆಯಲ್ಲಿ ಬೀರು ಒಡೆಸಿ ಖರ್ಚಿಗೆ ಹಣ ತೆಗೆದುಕೋ.

ಅತ್ತೆ