ನಾಲ್ಕು ಬೆರಳಿನ ಹೊಸ್ತಿಲು

ತಾರಿಹಾಳ, ಹುಬ್ಬಳ್ಳಿ
೧೦ ಮಾರ್ಚ್ ೨೦೨೫

ನನ್ನವ್ವ ಗೀತಾಂಜಲಿ,

ಮಿರಜದ ಬಿಸಿಲು ಹೇಗಿದೆ? ತೋಳಿನ ವ್ಯಾಯಾಮ ತಪ್ಪಿಸದೆ ಮಾಡುತ್ತೀಯಾ? ಆಸ್ಪತ್ರೆಯ ಸಪ್ಪನೆ ಸಾರು ಗಂಟಲಲ್ಲಿ ಇಳಿಯುವುದಿಲ್ಲ ಅಂದೆಯಂತೆ. ನಿಮ್ಮವ್ವ ಗುರೆಳ್ಳು ಚಟ್ನಿ ಕುಟ್ಟಿ ಕಳಿಸಿದ್ದಾಳೆ, ಮುಚ್ಚಿಡಬೇಡ, ಉಣ್ಣು. ಫೋನಿನಲ್ಲಾದರೆ ನೀನು ‘ಆತು ಬಿಡಪಾ’ ಅಂತ ಇಟ್ಟುಬಿಡುತ್ತೀ. ಕಾಗದ ಹಾಗಲ್ಲ, ನನ್ನ ಮಾತು ಮುಗಿಯುವತನಕ ಕೇಳಬೇಕು.

ನಮ್ಮ ಹೊಸ ಕಾಲೊನಿಯ ಇಪ್ಪತ್ನಾಲ್ಕೂ ಮನೆಗಳಿಗೆ ಜನ ಬಂದರು. ಬುನಾದಿಯ ಎರೆಮಣ್ಣು ಬಗೆದು ಗಟ್ಟಿ ಗರಸು ತುಂಬಿದ್ದಕ್ಕೆ ಹೋದ ಮಳೆಗಾಲದಲ್ಲಿ ಒಂದು ಗೋಡೆಯೂ ಬಾಯಿ ಬಿಡಲಿಲ್ಲ. ಸುಡದೆ, ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ ಅಂತ ಇಂಜಿನಿಯರ್ ಅಂದಾಗ ನಾನು ನಕ್ಕಿದ್ದೆ. ಈಗ ಈ ಬಿಸಿಲಲ್ಲೂ ಒಳಗೆ ತಂಪೋ ತಂಪು. ನೆಲಕ್ಕೆ ಶಹಾಬಾದಿ ಫರಸಿ ಕಲ್ಲು. ಎಲ್ಲ ಬಾಗಿಲೂ ನಡುವಿನ ಅಂಗಳಕ್ಕೇ ತೆರೆಯುತ್ತವೆ, ಒಬ್ಬರ ಮನೆಯ ಒಗ್ಗರಣೆ ಎಲ್ಲರ ಮೂಗಿಗೆ. ಗೋಡೆಗಳೆಲ್ಲ ನನ್ನ ಕೈಯವು, ಹೊಗಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆದರೆ ಒಂದು ತಪ್ಪು ಮಾಡಿದೆ, ನಿನಗೆ ಹೇಳಲೇಬೇಕು. ಇಂಜಿನಿಯರ್ ಸೌಮ್ಯಾ ಅವರ ನಕ್ಷೆಯಲ್ಲಿ ಯಾವ ಮನೆಗೂ ಹೊಸ್ತಿಲಿರಲಿಲ್ಲ, ಮೆಟ್ಟಿಲೂ ಇರಲಿಲ್ಲ. ಅಂಗಳದಿಂದ ಇಳಿಜಾರಿನಲ್ಲೇ ಒಳಗೆ ಹೋಗುವುದು. “ವಯಸ್ಸಾದವ್ರು, ಗಾಲಿಕುರ್ಚಿಯವ್ರು ಸರಳ ಅಡ್ಡಾಡ್ಲಿ ಕಾಕಾ” ಅಂದರು. ನಾನು ಮೂವತ್ತು ವರ್ಷ ಗೋಡೆ ಕಟ್ಟಿದ ಗೌಂಡಿ, ಕೇಳುವವನೇ? “ನಮ್ಮ ಕಾಲೊನ್ಯಾಗ ಗಾಲಿಕುರ್ಚಿಯವ್ರು ಯಾರದಾರ್ರಿ? ಹೊಸ್ತಿಲಿಲ್ಲದ್ದು ಮನಿ ಅಲ್ಲ, ಗೋದಾಮು” ಅಂದೆ. ದಸರೆಗೆ ಅವರು ರಜೆ ಹೋದಾಗ, ಕೇಳಿದವರ ಮನೆಗೆಲ್ಲ ನಾಲ್ಕು ಬೆರಳೆತ್ತರದ ಹೊಸ್ತಿಲು ಕೂಡಿಸಿದೆ, ಅದರ ಕೆಳಗೆ ಅರಿಷಿಣದ ಬೇರು, ತಾಮ್ರದ ದುಡ್ಡು ಇಟ್ಟು. ನಮ್ಮದು ಸೇರಿ ಒಂಬತ್ತು. ಎರಡೇ ತಿಂಗಳಿಗೆ ನಿನ್ನ ಸ್ಕೂಟಿಗೆ ಲಾರಿ ಬಡಿಯಿತು. ನಾನಾಡಿದ ಮಾತು ನೆನೆದರೆ ನಾಲಿಗೆ ಕಿತ್ತು ಒಗೆಯಬೇಕು ಅನಿಸುತ್ತದೆ, ಮಗಳೇ.

“ಅಲ್ಲಿ ಬಂದು ಏನ ಮಾಡ್ಲಿ, ಒಳಗ ಕುಂಡ್ರೂದ ಆತು. ಇಲ್ಲೇ ಆಸ್ಪತ್ರಿ ಹಾಸ್ಟೆಲಿನ್ಯಾಗ ಇರ್ತೇನಿ” ಅಂತ ನೀನು ಅಂದ ದಿನ ನಿಮ್ಮವ್ವ ಅಳಲಿಲ್ಲ. ನಿನಗೆಂದು ತಂದಿಟ್ಟ ಗಾಲಿಕುರ್ಚಿಯಲ್ಲಿ ತಾನೇ ಕೂತು “ದಾಟಸ್ರಿ ನೋಡೂಣು” ಅಂದಳು. ಗಾಲಿ ಹೊಸ್ತಿಲಿಗೆ ಬಡಿದು ನಿಂತಿತು. ಹಿಂದಕ್ಕೆ ವಾಲಿಸಿ ಎತ್ತಿದರೆ ಹೌಹಾರಿ ನನ್ನ ರಟ್ಟೆ ಹಿಡಿದಳು. ಇಳಿದವಳೇ ಉಳಿ, ಸುತ್ತಿಗೆ ತಂದು ನನ್ನ ಮುಂದಿಟ್ಟಳು. ಆವತ್ತೇ ನಮ್ಮ ಹೊಸ್ತಿಲು ಕಿತ್ತೆ. ಬೇರು, ದುಡ್ಡು ಅಲ್ಲೇ ಇವೆ, ಮೇಲೆ ಫರಸಿ ಹಾಸಿದ್ದೇನೆ. ನಿಮ್ಮವ್ವ ಅದಕ್ಕೇ ಅರಿಷಿಣ ಕುಂಕುಮ ಹಚ್ಚುತ್ತಾಳೆ. ಸೌಮ್ಯಾ ಅವರಿಗೂ ತಪ್ಪಾಯಿತು ಅಂದೆ. “ಹೋಗ್ಲಿ ಬಿಡ್ರಿ ಕಾಕಾ” ಅಂದರು.

ಹೊತ್ತಿಗೆ ಸರಿಯಾಗಿ ಉಣ್ಣು. ಪಕ್ಕದ ಹಾಸಿಗೆಯ ಹುಮಾಗೂ ಚಟ್ನಿ ಕೊಡು, ಸಿದ್ಧಾರೂಢ ಅಜ್ಜ ನಿಮ್ಮಿಬ್ಬರನ್ನೂ ಕಾಯಲಿ.

ನಿಮ್ಮಪ್ಪ,
ಹುಚ್ಚಪ್ಪ

ತಾ.ಕ.: ಅಂಚೆಯವರು ಡಬ್ಬಿ ಬಿಚ್ಚುವ ಹೊತ್ತಾಯಿತು, ಮುಖ್ಯವಾದದ್ದನ್ನೇ ಬಿಟ್ಟೆ. ನಮ್ಮ ಮನೆಯ ಹೊಸ್ತಿಲೊಂದೇ ಕಿತ್ತರೆ ನೀನಂದಂತೆ ಒಳಗೆ ಕೂರುವುದೇ ಆಗುತ್ತದೆ. ಅದಕ್ಕೇ ಉಳಿದ ಎಂಟೂ ಮನೆಗೆ ಹೋಗಿ ಕೈಮುಗಿದೆ. ಏಳು ಮನೆಯವರು ತಕರಾರಿಲ್ಲದೆ ಕೀಳಿಸಿದರು. ಪಕ್ಕದ ಮನೆಯ ಅಬೀದಾ ನಿನ್ನನ್ನು ಚಹಾಕ್ಕೆ ಈಗಲೇ ಕರೆದಿದ್ದಾಳೆ. ಎದುರು ಮನೆಯ ಮುದುಕಿ ಮಾಳವ್ವ ಮಾತ್ರ ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ. “ನೀ ಯಾಂವ ಕೇಳಾಂವ? ಗೀತಾ ಬಾಗಲಕ್ಕ ಬಂದು ‘ಆಯಿ, ಒಳಗ ಬರ್ತೇನಿ’ ಅನ್ಲಿ. ಅವಾಗ ಕೀಳು” ಅನ್ನುತ್ತಾಳೆ. ಉಳಿ ಮಸೆದಿಟ್ಟು ಕೂತಿದ್ದೇನೆ. ಯಾವ ಗಾಡಿಗೆ ಬರುತ್ತೀ, ತಿಳಿಸು.