ಬ್ರೇಕಿನ ಚಿಲಕ

೯-೧-೨೦೦೫, ರವಿವಾರ

ಮುಂಜಾನೆ ಟ್ರ್ಯಾಕ್ಟರಿಗೆ ಗ್ರೀಸ್ ಹೊಡದೆ. ಗಾಲಿ ತೊಳದೆ. ನಮ್ಮ ಕಬ್ಬಿನ ಪಾಳಿ ಬರಾಕ ಇನ್ನೂ ನಾಕ ದಿನ ಅಂತಾರ ಫ್ಯಾಕ್ಟರಿಯವ್ರು. ಅಂದ್ರ ಎಂಟ ದಿನ.

ಶಿವಾನಂದನ್ನ ಕರದೆ — ಬಾರೋ, ಗ್ರೀಸ್ ಗನ್ ಹಿಡಿ. "ಬಂದೆ ಅಜ್ಜಾ" ಅಂದ. ಬರಲಿಲ್ಲ. ಹೊರಗ ಜೀಪಿನ ಹಾರ್ನ್ ಆತು. ಚಪ್ಪಲಿ ಸೈತ ಸರಿ ಹಾಕ್ಕೊಳ್ಳಲಾರದ ಓಡಿದ.

ಮಗಳು ಅನ್ನಪೂರ್ಣಾ ಹುಕ್ಕೇರಿಯಿಂದ ಇವನ್ನ ನನ್ನ ಹತ್ರ ಬಿಟ್ಟು ಮೂರ ವರ್ಷ. ಇಲ್ಲೇ ಮೂಡಲಗ್ಯಾಗ ಸಾಲಿ ಮುಗಿಸಿದ. ಈಗ ಗೋಕಾಕಕ್ಕ ಕಾಲೇಜಿಗೆ ಹೋಗ್ತಾನ. ಹದಿನಾರು. ಮೊನ್ನೆ ಮೊನ್ನೆ ತನಕ ನನ್ನ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮ್ಯಾಲ ಕುಂತು ಹೊಲಕ್ಕ ಬರ್ತಿದ್ದ. ಈಗ ಎದುರಿನ ಮನಿ ಸಮ್ಮೇದನ ಜೀಪು, ಮುಂದಿನ ಸೀಟು.

ಸಮ್ಮೇದ ಅಂದ್ರ ಕುಂಥುನಾಥನ ಮೊಮ್ಮಗ. ಹದಿನೇಳು. ಲೈಸೆನ್ಸ್ ಇಲ್ಲ, ಮೀಸಿ ಇಲ್ಲ, ಜೀಪ್ ಐತಿ. ಕುಂಥುನಾಥ ನಾನು ಸಾಲ್ಯಾಗ ನಾಕನೇತ್ತಾ ತನಕ ಒಂದ ಹಲಗಿ ಮ್ಯಾಲ ಕುಂತವ್ರು. ನಾ ಸಾಲಿ ಬಿಟ್ಟು ಎತ್ತ ಹೊಡಿಯಾಕ ಹೋದೆ. ಅವ ಓದಿದ, ಗೊಬ್ಬರದ ಅಂಗಡಿ ಹಾಕಿದ. ಈ ಡೈರಿನೂ ಅವನ ಅಂಗಡೀದ, ಪುಕ್ಕಟ್ಟೆ. ಪ್ರತಿ ಹಾಳಿ ಕೆಳಗ ಅವನ ಹೆಸರ ಐತಿ. ಬರಿಯುವಾಗ ಅದರ ಮ್ಯಾಲ ಎಡಗೈ ಇಟ್ಕೋತೀನಿ.

೧೨-೧-೨೦೦೫, ಬುಧವಾರ

ಸಂಜೀಕ ಗೋಕಾಕ ರಸ್ತೆ ಕ್ರಾಸಿಗೆ ಹೋದೆ. ಏನ್ ಮಾಡ್ತಾವ ನೋಡೂಣು ಅಂತ.

ಕಬ್ಬಿನ ಗಾಡಿಯಿಂದ ಉದುರಿದ ರವದಿ, ಒಣಗಿದ ಎಲಿ, ಅಲ್ಲಿ ಡಾಂಬರ ಕಾಣದಂಗ ಬಿದ್ದಿರತೈತಿ. ಅದರ ಮ್ಯಾಲ ಕೊಡ ಕೊಡ ನೀರ ಹೊಯ್ದಿದ್ರು. ಹುಡುಗ್ರ ಕೆಲಸ. ಜಾರಲಿ ಅಂತ. ಸಮ್ಮೇದ ದೂರದಿಂದ ಜೋರ ಬಂದ, ಸ್ಟೇರಿಂಗ್ ಒಮ್ಮೆಲೇ ಎಳದ, ಹ್ಯಾಂಡ್‌ಬ್ರೇಕ್ ಜಗ್ಗಿದ. ಜೀಪು ಎಮ್ಮಿ ಬಾಲ ಬೀಸಿದಂಗ ಹಿಂಭಾಗ ಬೀಸಿ, ಬಂದ ದಾರಿಗೆ ಮುಖ ಮಾಡಿ ನಿಂತಿತು. "ಡ್ರಿಫ್ಟ್" ಅಂತ ಇದಕ್ಕ. ಸೀಡಿಯೊಳಗ ನೋಡಿ ಕಲ್ತಾರಂತ.

ಮಂದಿ ಸೀಟಿ ಹೊಡದ್ರು. ಪಾನ್ ಅಂಗಡಿಯವ ಗಿರಾಕಿ ಬಿಟ್ಟು ಹೊರಗ ಬಂದ.

ಇದೇ ಪಾನ್ ಅಂಗಡಿ ಮುಂದ ಒಂದ ಕಾಲಕ್ಕ ನನ್ನ ನೋಡಾಕ ನಿಂದರ್ತಿದ್ರು. ಟ್ರ್ಯಾಕ್ಟರಿಗೆ ಎರಡ ಟ್ರೇಲರ್, ಎರಡೂ ತುಂಬ ಕಬ್ಬು — ಹಿಂದಕ್ಕ ಹೊಡಕೊಂಡು ಸಂದ್ಯಾಗ ಒಯ್ದು ನಿಲ್ಲಸ್ತಿದ್ದೆ. ಒಂದ ಟ್ರೇಲರ್ ಹಿಂದಕ್ಕ ಹೊಡಿಯಾಂವ ಎಲ್ಲೆಲ್ಲೂ ಸಿಗ್ತಾನ. ಎರಡು... ಮೂಡಲಗ್ಯಾಗ ನಾ ಒಬ್ಬನ. "ರಿವರ್ಸ್ ರಾಚಪ್ಪ" ಅಂತಿದ್ರು. ಈಗ ಆ ಹೆಸರ ಹೇಳಿದ್ರ ಹುಡುಗ್ರು ನಗ್ತಾವ.

ನಮ್ಮ ಶಿವ್ಯಾ ಎಲ್ಲಾರಿಗಿಂತ ಜೋರ ಚಪ್ಪಾಳಿ ಹೊಡ್ಯಾಕತ್ತಿದ್ದ. ನಾ ನಿಂತದ್ದ ಅವಗ ಕಾಣಲೇ ಇಲ್ಲ.

೧೫-೧-೨೦೦೫, ಶನಿವಾರ

ಇವತ್ತ ಜೀಪಿನ ಹಿಂದಿನ ಗಾಲಿ ಭರಮವ್ವನ ಪೇರಲ ಹಣ್ಣಿನ ಬುಟ್ಟಿ ಮ್ಯಾಲ ಹೋತು. ಕ್ರಾಸಿನ್ಯಾಗ ಬೇವಿನ ಗಿಡದ ಕಟ್ಟಿ ಮ್ಯಾಲ ಕುಂತು, ಬುಟ್ಟಿ ಕೆಳಗ ಇಟ್ಟು ಮಾರ್ತಾಳ ಆಕಿ, ಎಷ್ಟೋ ವರ್ಷದಿಂದ. ಕಾಲ ಮ್ಯಾಲ ಎಳಕೊಂಡ್ಲು, ಅದಕ್ಕ ಉಳದ್ಲು. ಸಮ್ಮೇದ ಇಳದ ಬಂದು ಹಣ್ಣಿನ ರೊಕ್ಕ ಕೊಟ್ಟ. ನಕ್ಕೋಂತ.

ಭರಮವ್ವ ಅಂದ್ಲು: "ಹಣ್ಣಿಗೆ ಕೊಟ್ಟಿ. ಕಾಲ ಹೋಗಿದ್ರ ಯಾ ಅಂಗಡ್ಯಾಂದ ತಂದ ಕೊಡ್ತಿದ್ದಿ ತಮ್ಮಾ?"

ಸಿಟ್ಟ ನೆತ್ತಿಗೇರಿತು. ನೆಟ್ಟಗ ಕುಂಥುನಾಥನ ಅಂಗಡಿಗೆ ಹೋದೆ.

"ನಿನ್ನ ಮೊಮ್ಮಗ ಯಾರನ್ನರ ಕೊಲ್ತಾನ್ ನೋಡ."

"ಬಾ ರಾಚಪ್ಪಾ, ಕುಂದ್ರು. ಚಾ ತರಸ್ಲೇನು?"

"ನಿನ್ನ ಚಾ ನೀನ ಕುಡಿ. ಮೊದ್ಲ ಅವನ ಕೈಯಾಗಿನ ಕೀಲಿ ಕಸ್ಕೊ."

"ಹುಡುಗ್ರೋ ಮಾರಾಯಾ. ಎರಡ ದಿನ ಆಡ್ತಾವ, ಬಿಡ್ತಾವ." ಕನ್ನಡಕ ಒರಸ್ಕೋಂತ ಸಾವಕಾಶ ಅಂದ, "ಖರೆ ಹೇಳು. ಬುಟ್ಟಿ ಮುರೀತಂತ ತ್ರಾಸೋ, ಊರ ಮಂದಿ ಅವನ್ನ ನೋಡಾಕತ್ತಾರಂತ ತ್ರಾಸೋ?"

ಗೊಬ್ಬರ ಒಯ್ಯಾಕ ಬಂದವ್ರೆಲ್ಲ ನಕ್ರು. ಹೊಳ್ಳಿ ಬಂದೆ.

ಮನ್ಯಾಗ ಹೆಂಡತಿ ಶೆಟ್ಟೆವ್ವಗ ಹೇಳಿದ್ರ ಆಕಿ ರೊಟ್ಟಿ ಬಡಿಯೂದ ನಿಲ್ಲಸ್ಲಿಲ್ಲ. "ನೀವ ಹೇಳೂದು ಖರೆ ಐತಿ. ಆದ್ರ ನಿಮ್ಮ ಮಾತ ಯಾರೂ ಕೇಳೂದಿಲ್ಲ. ಹೊಟ್ಟ್ಯಾಗಿನ ಹೊಗಿ ಬಾಯಾಗಿಂದ ಬರಾಕತ್ತೈತಿ, ಎಲ್ಲಾರಿಗೂ ಕಾಣತೈತಿ."

ಹೆಂಗಸಿನ ಬಾಯಿ.

೧೯-೧-೨೦೦೫

ಊಟಕ್ಕ ಕುಂತಾಗೂ ಶಿವ್ಯಾಂದು ಅದೇ ಮಾತು. ಸಮ್ಮೇದ ಹಂಗ ತಿರಗಸ್ತಾನ, ಸಮ್ಮೇದ ಹಿಂಗ ತಿರಗಸ್ತಾನ. ರೊಟ್ಟಿ ತುಣುಕ ತಾಟಿನ್ಯಾಗ ತಿರಗಿಸಿ ತೋರ್ಸಿದ. ಪಲ್ಲೆ ಚೆಲ್ಲಿತು.

ನಾ ಅಂದೆ, "ಎರಡ ಟ್ರೇಲರ್ ಕಟ್ಕೊಂಡು ನಾ —"

"ಅಜ್ಜಾ, ಅದು ಬರೇ ಹಿಂದಕ್ಕ ಹೋಗೂದಲ್ಲ?"

ಬರೇ ಹಿಂದಕ್ಕ ಹೋಗೂದಂತ! ಕೈ ತೊಳಕೊಂಡು ಎದ್ದೆ. ಶೆಟ್ಟೆವ್ವ ಮಜ್ಜಿಗಿ ಹಿಡಕೊಂಡ ಹಂಗ ನಿಂತಿದ್ಲು.

೨೩-೧-೨೦೦೫, ರವಿವಾರ

ಇವತ್ತ ಶಿವ್ಯಾನ್ನ ಹೊಲಕ್ಕ ಕರಕೊಂಡ ಹೋದೆ. ಬರೂದಿಲ್ಲ ಅಂದ. "ನಿಮ್ಮ ಜೀಪ್ ಅರ್ಧಾ ಸುತ್ತ ತಿರಗತೈತಿ. ನನ್ನ ಗಾಡಿ ಪೂರಾ ತಿರಗತೈತಿ, ನಿಂತಲ್ಲೇ. ನೋಡೂದ ಬ್ಯಾಡೇನು?" ಅಂದೆ. ಬಂದ. ಮಡ್‌ಗಾರ್ಡ್ ಮ್ಯಾಲ ಕುಂತ, ಮೊದಲಿನಂಗ.

ಟ್ರ್ಯಾಕ್ಟರಿಗೆ ಬ್ರೇಕ್ ಎರಡು. ಎಡದ ಗಾಲಿಗೊಂದು, ಬಲದ ಗಾಲಿಗೊಂದು. ನಡುವ ಎರಡನ್ನೂ ಕೂಡಿಸೋ ಒಂದ ಚಿಲಕ. ಹೊಲದಾಗ ಚಿಲಕ ತಗದು ಒಂದ ಬ್ರೇಕ್ ಒತ್ತಿದ್ರ ಆ ಗಾಲಿ ನಿಲ್ಲತೈತಿ, ಇನ್ನೊಂದ ಗಾಲಿ ತಿರಗತೈತಿ, ಸಾಲಿನ ತುದ್ಯಾಗ ಗಾಡಿ ಅಲ್ಲೇ ಹೊಳ್ಳತೈತಿ. ಡಾಂಬರಿಗೆ ಬಂದ ಕೂಡ್ಲೆ ಚಿಲಕ ಹಾಕಬೇಕು. ನನ್ನ ಹತ್ರ ಡ್ರೈವಿಂಗ್ ಕಲ್ತ ಎಲ್ಲಾರಿಗೂ ಮೊದಲಿನ ಪಾಠ ಇದು.

ಚಿಲಕ ತಗದೆ. ಎಡದ್ದು ಒತ್ತಿದೆ. ಗರ್ರಂತ ಒಂದ ಸುತ್ತ, ಎರಡ ಸುತ್ತ. ಮಣ್ಣ ಆಳೆತ್ತರ ಎದ್ದಿತು. ಇಳದ ನೋಡ್ತೀನಿ — ಹುಡುಗನ ಕಣ್ಣ ಹಂಗ ಹೊಳ್ಯಾಕತ್ತಾವ! "ಅಜ್ಜಾ, ಇನ್ನೊಮ್ಮೆ!" ಅವನ ಕಾಲ ಬ್ರೇಕ್ ಮ್ಯಾಲ ಇಡ್ಸಿ, ನನ್ನ ಕಾಲ ಅದರ ಮ್ಯಾಲ ಇಟ್ಟು ಕಲಿಸಿದೆ. ನಕ್ಕೂ ನಕ್ಕೂ ಇಬ್ರಿಗೂ ಕೆಮ್ಮ ಬಂತು.

ಹೊಳ್ಳಿ ಬರುವಾಗ ಕೇಳಿದ, "ಇದು ರೋಡ್ ಮ್ಯಾಲೂ ಆಗತೈತೇನ ಅಜ್ಜಾ?"

ಇಲ್ಲ ಅನಬೇಕಿತ್ತು. "ನಿಮ್ಮಜ್ಜಗ ಎಲ್ಲ್ಯಾದ್ರೂ ಆಗತೈತಿ" ಅಂದೆ.

೨೬-೧-೨೦೦೫, ಬುಧವಾರ

ಮಾಡಿದೆ. ಕ್ರಾಸಿನ್ಯಾಗ, ಹಾಡಹಗಲ.

ಝಂಡಾ ಏರಿಸಿ ಮಂದಿ ಇನ್ನೂ ಮನಿಗೆ ಹೋಗಿರಲಿಲ್ಲ. ಸಾಲಿ ಹುಡುಗ್ರ ಕೈಯಾಗ ಕಾಗದದ ಝಂಡಾ, ಬಾಯಾಗ ಪೆಪ್ಪರಮಿಂಟು. ಸಮ್ಮೇದ ಜೀಪಿಗೆ ಆನಿಕೊಂಡ ನಿಂತಿದ್ದ, ಬಾಜೂಕ ಶಿವ್ಯಾ. ನಾ ರಸ್ತೆ ಬಾಜೂದ ಮಣ್ಣಿನ ಜಾಗಾಕ್ಕ ಟ್ರ್ಯಾಕ್ಟರ್ ಇಳಿಸಿದೆ, ಸಾವಕಾಶ, ಒಂದನೇ ಗೇರಿನ್ಯಾಗ. ಚಿಲಕ ತಗದೆ. ಒಂದ ಸುತ್ತ. ಅಷ್ಟ.

ಏನ್ ಚಪ್ಪಾಳಿ! ಎಷ್ಟ ವರ್ಷ ಆಗಿತ್ತು. "ರಿವರ್ಸ್ ರಾಚಪ್ಪ ಈಗ ರೌಂಡ್ ರಾಚಪ್ಪ ಆದ" ಅಂತ ಪಾನ್ ಅಂಗಡಿಯವ ಒದರಿದ. ಸಮ್ಮೇದ ಓಡಿ ಬಂದ, "ಅಜ್ಜಾರ, ಹ್ಯಾಂಗ್ರಿ ಅದು? ನಮಗೂ ಕಲಸ್ರಿ." ನಾ ಅಂದೆ, "ನಿನ್ನ ಜೀಪಿಗೆ ಅದು ದಕ್ಕೂದಿಲ್ಲ, ಹೋಗೋ." ಶಿವ್ಯಾ ಎಲ್ಲಾರಿಗೂ ಹೇಳಾಕತ್ತಿದ್ದ — ನಮ್ಮಜ್ಜ, ನಮ್ಮಜ್ಜ.

ಭರಮವ್ವ ಒಬ್ಬಾಕಿ ಬುಟ್ಟಿ ಮಡಲಾಗ ಇಟ್ಕೊಂಡು ಕುಂತಿದ್ಲು. "ನೀನೂ ಆತೇನೋ ಮುದಕಾ" ಅಂದ್ಲು. ಕೇಳದವರಂಗ ಬಂದೆ.

ಇವತ್ತ ಕುಂಥುನಾಥನ ಹೆಸರ ಮುಚ್ಚಲಾರದ ಬರದೀನಿ.

೩೧-೧-೨೦೦೫

ಕುಂಥುನಾಥ ಮನಿಗೇ ಬಂದ. ಕುಂದ್ರಲಿಲ್ಲ.

"ಸಮ್ಮೇದನ ಕೈಯಾಗಿನ ಕೀಲಿ ಕಸ್ಕೊಂಡೀನಿ. ನಿನ್ನ ಆಟಾ ನೋಡಿ ನನಗ ಅಂಜಿಕಿ ಬಂತು. ನಿನ್ನ ಟ್ರ್ಯಾಕ್ಟರಿನ ಕೀಲಿ ಎಲ್ಲಿಡ್ತಿ?"

"ನಂದು ದುಡಿಯೋ ಗಾಡಿ. ಶೋಕಿ ಗಾಡಿ ಅಲ್ಲ."

"ಶಿವಾನಂದನ ಕೈಗೆ ಸಿಗದಂಗ ಇಡು, ಅಷ್ಟ."

"ನಿನ್ನ ಮೊಮ್ಮಗ ಸೋತ. ಅದಕ್ಕ ಬಂದಿ ನೀ. ಹೌದಿಲ್ಲೋ?"

ಅವ ನನ್ನ ಮುಖಾ ನೋಡಿದ. ಚಪ್ಪಲಿ ಮೆಟ್ಟಿ ಹೋದ.

ಕೀಲಿ ಬಾಗಲ ಹಿಂದಿನ ಗೂಟಕ್ಕ ಐತಿ. ಯಾವಾಗಲೂ ಇದ್ದಲ್ಲೇ. ಅವನ ಮಾತ ಕೇಳಿ ತಗದಿಟ್ರ ಗೆದ್ದಂವ ಅವನ ಆದಂಗಾತು.

೬-೨-೨೦೦೫

ಶಿವ್ಯಾ ಬಿದ್ದಾನ. ಗೋಕಾಕ ದವಾಖಾನ್ಯಾಗ ಅದಾನ. ಜೀವಕ್ಕ ಏನಿಲ್ಲ ಅಂದ್ರು. ಕಾಲ

೯-೨-೨೦೦೫, ಬುಧವಾರ

ಇವತ್ತ ಬರೀತೀನಿ.

ನಾ ಪಾಳಿ ಕೇಳಾಕ ಫ್ಯಾಕ್ಟರಿಗೆ ಹೋಗಿದ್ದೆ. ಹುಡುಗ ಗೂಟಕ್ಕಿದ್ದ ಕೀಲಿ ತಗೊಂಡಾನ. ಕ್ರಾಸಿನ್ಯಾಗ ದೋಸ್ತರನ್ನ ಕೂಡ್ಸ್ಯಾನ. ಮಣ್ಣಿಗೆ ಇಳಿಸಿಲ್ಲ, ಒಂದನೇ ಗೇರಲ್ಲ. ಡಾಂಬರ ಮ್ಯಾಲ, ಮೂರನೇ ಗೇರಿನ್ಯಾಗ, ಕೈ ಎಕ್ಸಿಲೇಟರ್ ಪೂರಾ ಎಳದ ಬಿಟ್ಟಾನ. ಚಿಲಕ ತಗದು ಎಡದ ಬ್ರೇಕ್ ಒತ್ತಿದ ಕೂಡ್ಲೆ ಎಡದ ದೊಡ್ಡ ಗಾಲಿ ನೆಲಾ ಬಿಟ್ಟೈತಿ. ಇವ ಬಲಕ್ಕ ಹಾರಿ ಬಿದ್ದ. ಬಲದ ಗಾಲಿ ಇವನ ಬಲಪಾದದ ಮ್ಯಾಲ ಹಾದು ಹೋಗೈತಿ.

ಗಾಡಿ ಅಷ್ಟಕ್ಕ ನಿಂದ್ರಲಿಲ್ಲ. ಮ್ಯಾಲ ಯಾರೂ ಇಲ್ಲ, ಹಂಗ ಬೇವಿನ ಗಿಡದ ಕಡೆ ಹೋತು. ಕಟ್ಟಿ ಮ್ಯಾಲ ಭರಮವ್ವ. ಮಂದಿ ಒದರಿಕೋಂತ ಚದುರಿದ್ರು. ಸಮ್ಮೇದ ಒಬ್ಬಂವ ಗಾಡಿ ಕಡೆ ಓಡಿದ. ಬಾಜೂದಿಂದ ಏರಿ, ಬಂದ್ ಮಾಡೋ ಗುಂಡಿ ಜಗ್ಗಿದ. ಮುಂದಿನ ಗಾಲಿ ಕಟ್ಟಿಗೆ ತಾಗಿ ನಿಂತಿತು. ಭರಮವ್ವನ ಸೀರಿ ಸೆರಗ ಗಾಲಿ ಕೆಳಗ ಸಿಕ್ಕಿತ್ತಂತ.

ಡಾಕ್ಟರ್ ಅಂದ್ರು: ಪಾದ ಉಳಿತೈತಿ, ನಡಗಿ ಮೊದಲಿನಂಗ ಆಗೂದಿಲ್ಲ.

ಊರಾಗ ಈಗ ಎರಡ ಮಾತು. ಮುದಕ ಕಲಿಸಿ ಕೆಡಿಸಿದ. ಸಮ್ಮೇದ ಜೀವಾ ಉಳಿಸಿದ. ಎರಡೂ ಖರೆ. ಮತ್ತ ಎದುರಿನ ಮನಿ ಹೆಸರ ಮ್ಯಾಲ, ನನ್ನ ಹೆಸರ ಕೆಳಗ. ಮೊಮ್ಮಗನ ಕಾಲಿಗೆ ಪ್ಲಾಸ್ಟರ್ ಹಾಕ್ಯಾರ, ನನ್ನ ತಲ್ಯಾಗ ಇದು. ಥೂ ನನ್ನ ಜಲ್ಮಕ.

೧೬-೨-೨೦೦೫

ದವಾಖಾನಿಗೆ ಹೋದೆ. ಶೆಟ್ಟೆವ್ವ ಕಟ್ಟಿ ಕೊಟ್ಟ ಶೇಂಗಾ ಹೋಳಗಿ ಒಯ್ದಿದ್ದೆ. ಮಂಚದ ಮ್ಯಾಲ ಸಮ್ಮೇದ ಕುಂತಿದ್ದ. ಶಿವ್ಯಾನ ತಲಿ ಬಾಚಾಕತ್ತಿದ್ದ. ಇಬ್ರೂ ನಗಾಕತ್ತಿದ್ರು. ನನ್ನ ನೋಡಿ ನಗೂದ ಬಿಟ್ರು.

"ಬರ್ರಿ ಅಜ್ಜಾರ, ಕುಂದರ್ರಿ" ಅಂತ ಸಮ್ಮೇದ ಎದ್ದು ಜಾಗಾ ಕೊಟ್ಟ. ನನ್ನ ಮೊಮ್ಮಗನ ಹತ್ರ ಕುಂದ್ರಾಕ ಅವ ಜಾಗಾ ಕೊಡಬೇಕು ನನಗ!

ಪೊಲೀಸ್ರು ಕೇಳಿದ್ರಂತ, ಯಾರ ಕಲಿಸಿದ್ರು ಅಂತ. ಶಿವ್ಯಾ, "ಯಾರೂ ಇಲ್ರಿ, ನಾನ ಕಲ್ತೆ" ಅಂದಾನ. ಅದನ್ನ ಹೇಳಿದಾಕಿ ಹುಕ್ಕೇರಿಯಿಂದ ಬಂದಿದ್ದ ಅನ್ನಪೂರ್ಣಾ. ಹೇಳಿ, ನನ್ನ ಕಡೆ ನೋಡದ ಅಂದ್ಲು: "ಪರೀಕ್ಷಾ ಹೋದ್ರ ಹೋಗ್ಲಿ. ಇಲ್ಲಿಂದ ಬಿಟ್ಟ ಕೂಡ್ಲೆ ಹುಕ್ಕೇರಿಗೆ ಕರಕೊಂಡ ಹೋಗ್ತೀನಿ. ಇನ್ನ ಮ್ಯಾಲ ಕಳಸೂದಿಲ್ಲ."

"ಕಾಲ ನೆಟ್ಟಗ ಆಗೂತನಕರ ಮೂಡಲಗ್ಯಾಗ ಇರ್ಲಿ."

"ಕಾಲ ನೆಟ್ಟಗ ಇದ್ದಾಗ ನಿನ್ನ ಹತ್ರನ ಇದ್ದ ಅಲ್ಲ ಅಪ್ಪಾ."

ಹೋಳಗಿ ಡಬ್ಬಿ ಅಲ್ಲೇ ಇಟ್ಟು ಬಂದೆ.

೧೮-೨-೨೦೦೫

ಕೀಲಿ ಗೂಟದಿಂದ ತಗದು ಶೆಟ್ಟೆವ್ವನ ಕೈಯಾಗ ಕೊಟ್ಟೆ. ಆಕಿ ಸೀರಿ ಚುಂಗಿಗೆ ಕಟ್ಕೊಂಡ್ಲು. ಈಗ ಕಟ್ಟಿ ಏನ್ ಮಾಡೂದು ಅಂತ ಆಕಿ ಅನ್ನಲಿಲ್ಲ. ಅನಬೇಕಿತ್ತು.

೨೭-೨-೨೦೦೫, ರವಿವಾರ, ಸಂಜೀಕ

ಶಿವ್ಯಾ ಹ್ವಾದ. ಈಗ ತಾಸಾತು.

ಅರಿವಿ, ಪುಸ್ತಕ ಒಯ್ಯಾಕ ಮನಿ ತನಕ ಬಂದ್ರು. ಕುಂಥುನಾಥ ಜೀಪ್ ಕೊಟ್ಟಿದ್ದ. ಹೊಡಿಯಾಂವ ಅವನ ಅಂಗಡಿ ಡ್ರೈವರ್ ಕೇದಾರಿ. ಹಿಂದ ಸೀಟಿನ ಮ್ಯಾಲ ಸಮ್ಮೇದ, ಅವನ ತೊಡಿ ಮ್ಯಾಲ ಶಿವ್ಯಾನ ಪ್ಲಾಸ್ಟರ್ ಕಾಲು. ಹುಕ್ಕೇರಿ ತನಕ ಹಂಗ ಹಿಡಕೊಂಡ ಹೋಗ್ತಾನಂತ. ಆ ತೊಡಿ ನಂದಾಗಬೇಕಿತ್ತು. "ನಾನೂ ಬರ್ತೀನಿ" ಅಂದೆ. "ಜಾಗಾ ಇಲ್ಲ ಅಪ್ಪಾ" ಅಂದ್ಲು ಅನ್ನಪೂರ್ಣಾ. ಜಾಗಾ ಇತ್ತು.

ನಮ್ಮ ಓಣಿ ಸಣ್ಣದು. ಜೀಪ್ ಮೂಗ ಮುಂದ ಮಾಡಿ ಬಂದಿತ್ತು, ಹೊರಗ ಹೋಗಾಕ ಹಿಂದಕ್ಕ ಹೋಗಬೇಕು. ಕೇದಾರಿ ಒಮ್ಮೆ ಗ್ವಾಡಿಗೆ ತಾಗಿಸಿದ, ಒಮ್ಮೆ ಗಟಾರದ ಕಲ್ಲಿಗೆ. ಅಲಗಾಡಿದಾಗೊಮ್ಮೆ ಹುಡುಗ ಹಲ್ಲ ಕಡೀತಿದ್ದ.

ಒಳಗಿಂದ ಶಿವ್ಯಾ ಅಂದ, "ಅಜ್ಜ ಹೊಡೀಲಿ. ಅಜ್ಜ ಒಂದ ಸಲಕ್ಕ ತಗೀತಾನ."

ಸಮ್ಮೇದನೂ ಅಂದ, "ಹೌದ್ರಿ ಅಕ್ಕಾರ, ಅಜ್ಜಾರ ಕೈಯಾಗ ಕೊಡ್ರಿ."

ನಾ ಬಾಗಲಾ ಹಿಡದೆ. ಅನ್ನಪೂರ್ಣಾ ಅಡ್ಡ ನಿಂತ್ಲು. "ಬ್ಯಾಡ ಅಪ್ಪಾ. ನೀ ಸ್ಟೇರಿಂಗ್ ಮುಟ್ಟಬ್ಯಾಡ."

ಕೈ ಬಿಟ್ಟೆ. ಜೀಪಿನ ಹಿಂದ ಹೋಗಿ ನಿಂತೆ, ಕ್ಲೀನರ್ ನಿಂದ್ರೋ ಜಾಗಾದಾಗ. ಈ ಜಲ್ಮದಾಗ ಅಲ್ಲಿ ನಿಂತವನಲ್ಲ. ಕೈ ಎತ್ತಿ, ಬರ್ಲಿ ಅಂದೆ. ಬರ್ಲಿ... ಎಡಕ್ಕ ಒಂಚೂರು... ಹಾಂ, ಬರ್ಲಿ. ನಾ ಒಂದೊಂದ ಹೆಜ್ಜಿ ಹಿಂದ ಸರದಂಗ ಜೀಪ್ ನನ್ನ ಕಡೆ ಬರಾಕತ್ತಿತು. ಹಿಂದ ಪರದಾ ಎತ್ತಿತ್ತು. ಶಿವ್ಯಾನ ಮುಖ ನನ್ನ ಎದುರಿಗೇ. ಸಮ್ಮೇದನ್ನ ನೋಡಾಕತ್ತಿರಲಿಲ್ಲ. ನನ್ನ, ನನ್ನ ಕೈಯ ನೋಡಾಕತ್ತಿದ್ದ.

"ಅಜ್ಜಾ, ಇನ್ನೂ ಜಾಗಾ ಐತೇನು?" ಅಂದ.

ದೊಡ್ಡ ರಸ್ತೆ ಬಂದಿತ್ತು. ಸಾಕ್ ಅಂದ್ರ ಕೇದಾರಿ ಗೇರ್ ಹಾಕಿ ಶಿವ್ಯಾನ್ನ ಕರಕೊಂಡು ಮುಂದ ಹೋಗ್ತಾನ. ಸಾಕ್ ಅನಬೇಕಿತ್ತು.

ಐತಿ, ಅಂದೆ. ಇನ್ನೂ ಐತಿ, ಬರ್ಲಿ... ಬರ್ಲಿ —